ಮಾಯವ್ವನ ಮಾಳಿಗೆ

ಎಂಜಿನಿಯರ್ ಉಮಾಶ್ರೀ ನಮ್ಮ ಓಣಿಯ ಚಾವಡಿಯ ಮಾಳಿಗೆಗೆ ಕಬ್ಬಿಣದ ಸರಳು ಚುಚ್ಚಿದಾಗ ನಾವೆಲ್ಲ ಎದೆಯುಬ್ಬಿಸಿಕೊಂಡು ಸುತ್ತ ನಿಂತಿದ್ದೆವು. ಅದು ಮಣ್ಣಿನ ಮಾಳಿಗೆ. ಕೆಳಗೆ ದಪ್ಪ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ, ಹಲಗೆಯ ಮೇಲೆ ಮಣ್ಣು. ಸರಳು ಒಂದು ಗೇಣು ಇಳಿಯಿತು. "ಇನ್ನೂ ಅದರಿ" ಎಂದೆವು. ಇನ್ನೊಂದು ಗೇಣು ಇಳಿಯಿತು. "ಒತ್ತರಿ ಮೇಡಮ್ಮಾರ, ಇನ್ನೂ ಭಾಳ ಅದ" ಎಂದು ಕಿರಾಣಿ ಅಂಗಡಿಯ ಕಳಕಪ್ಪ ನಕ್ಕ, ಮಗನ ಅಂಕ ತೋರಿಸುವವನ ಹಾಗೆ. ಆ ಹುಡುಗಿ ಮಾತ್ರ ನಗಲಿಲ್ಲ. ಸರಳು ಅವಳ ಮುಷ್ಟಿ ಮಣ್ಣಿಗೆ ತಾಗುವ ತನಕ ಇಳಿದು, ಕೆಳಗಿನ ಹಲಗೆಗೆ ಟಕ್ ಎಂದು ಬಡಿಯಿತು. ಅವಳು ಸರಳನ್ನು ಮೇಲಕ್ಕೆಳೆದು, ಅದಕ್ಕೆ ಅಂಟಿದ ಮಣ್ಣು ನೋಡಿ, ಮೆಲ್ಲಗೆ ಹಿಂದೆ ಸರಿದು ಗೋಡೆಯ ನೇರಕ್ಕೆ ನಿಂತಳು.

"ಎಲ್ಲಾರೂ ಗ್ವಾಡಿ ಕಡೆ ಸರೀರಿ. ಒಬ್ಬೊಬ್ಬರ. ಓಡಬ್ಯಾಡ್ರಿ" ಎಂದಳು.

ಹತ್ತುವಾಗ ಬೀಗರ ಮನೆಗೆ ಬಂದವರ ಗತ್ತಿನಲ್ಲಿ ಹತ್ತಿದ್ದೆವು. ಇಳಿಯುವಾಗ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಕೊನೆಗೆ ಏಣಿ ಇಳಿದವಳು ಮಾಯವ್ವ. ಇಳಿದು, ಸೆರಗು ಕೊಡವಿ, "ಏನಾತಂತ ಸಂಗ್ಯಾ?" ಎಂದು ನನ್ನನ್ನು ಕೇಳಿದಳು. ನರೇಗಲ್ಲಿನ ಹೈಸ್ಕೂಲಿನಲ್ಲಿ ನಾನು ಸಂಗನಬಸವ ಸರ್. ಮಾಯವ್ವನಿಗೆ ನಾನು ಈ ಜನ್ಮದಲ್ಲಿ ಸಂಗ್ಯಾನೇ. ಏನಾಯಿತೆಂದು ನನಗೂ ಪೂರಾ ತಿಳಿದಿರಲಿಲ್ಲ. ತಿಳಿದಿದ್ದರೂ ಹೇಳುವ ಧೈರ್ಯ ಇರಲಿಲ್ಲ, ಏಕೆಂದರೆ ಆ ಮಣ್ಣೆಲ್ಲ ಒಂದು ಲೆಕ್ಕದಲ್ಲಿ ಮಾಯವ್ವನದೇ.

ನಮ್ಮೂರು ನರೇಗಲ್ಲಿಗೂ ಗಜೇಂದ್ರಗಡಕ್ಕೂ ನಡುವೆ ಇದೆ. ಬಸ್ಸು ನಿಂತರೆ ಊರು, ನಿಲ್ಲದಿದ್ದರೆ ಬಯಲು, ಅಂಥದ್ದು. ಆದರೆ ನಮ್ಮ ಓಣಿಗೆ ಚಾವಡಿ ಇದೆ ಎಂಬ ಜಂಬ ನಮಗೆ ಮೊದಲಿನಿಂದಲೂ ಇದೆ. ಯಾರೋ ಹಿರಿಯರು ಗುಡ್ಡದ ಕಲ್ಲು ತಂದು, ಒಂದಾಳು ಅಡ್ಡ ಮಲಗುವಷ್ಟು ದಪ್ಪದ ಗೋಡೆ ಎತ್ತಿದರು. ಎರಡು ತೊಲೆಗಳನ್ನು ಎಲ್ಲಿಂದಲೋ ಚಕ್ಕಡಿ ಕಟ್ಟಿ ತಂದರಂತೆ. ಪಂಚಾಯ್ತಿಕೆ ಆಗುತ್ತಿದ್ದದ್ದು ಅಲ್ಲಿ. ಊರಿಗೆ ಶಾಲೆ ಬಂದಾಗ ಮೊದಲ ತರಗತಿ ಕುಳಿತದ್ದು ಅಲ್ಲಿ. ನಾನು ಅಕ್ಷರ ತಿದ್ದಿದ್ದೂ, ಅದಕ್ಕಿಂತ ಹೆಚ್ಚು ಹೊಡೆತ ತಿಂದದ್ದೂ ಅಲ್ಲೇ. ಆಮೇಲೆ ಅದು ಮತ ಹಾಕುವ ಮನೆಯಾಯಿತು, ಪೋಲಿಯೋ ಹನಿಯ ಮನೆಯಾಯಿತು, ಊರಿನ ಮೊದಲ ಟೀವಿ ಇಟ್ಟ ಮನೆಯಾಯಿತು, ಹೆಂಗಸರ ಸಂಘದ ಮನೆಯಾಯಿತು. ಈಗ ಅದರಲ್ಲಿ ಅಂಗನವಾಡಿ ನಡೆಯುತ್ತದೆ. ಮದುವೆಗಳಂತೂ ಯಾವ ಕಾಲಕ್ಕೂ ನಿಂತಿಲ್ಲ.

ಮಾಯವ್ವ ರಾಜೂರಿನವಳು, ಕುರಿ ಸಾಕುವ ಮನೆತನದ ಹೆಣ್ಣುಮಗಳು. ಅಯ್ಯಪ್ಪನ ಕೈಹಿಡಿದು ನಮ್ಮ ಓಣಿಗೆ ಬಂದಾಗ ತೀರ ಚಿಕ್ಕವಳು. ಅಯ್ಯಪ್ಪ ಮಾತು ಕಡಿಮೆಯ ಮನುಷ್ಯ. ಆ ಮನೆಯ ಪಾಲಿನ ಮಾತನ್ನೆಲ್ಲ ಆಕೆಯೇ ಆಡಿ ಮುಗಿಸುತ್ತಿದ್ದಳು. ಆ ಕಾಲಕ್ಕೆ ಚಾವಡಿಯ ಕಟ್ಟೆ ಎಂದರೆ ಗಂಡಸರದು. ಹಿರಿಯರು ಕುಳಿತಿದ್ದರೆ ಹೆಂಗಸರು ಚಪ್ಪಲಿ ಕೈಯಲ್ಲಿ ಹಿಡಿದು, ಸೆರಗು ಎಳೆದುಕೊಂಡು, ಎದುರಿನ ಗೋಡೆಗುಂಟ ಸರಿದು ಹೋಗಬೇಕು. ಇದನ್ನು ಬರೆಯುವಾಗ ನನಗೆ ಈಗಲೂ ಮೈ ಉರಿಯುತ್ತದೆ, ಏಕೆಂದರೆ ನಮ್ಮ ಅವ್ವನೂ ಹಾಗೇ ಸರಿದು ಹೋದವಳು.

ಒಂದು ಮದುವೆಯಲ್ಲಿ ಅಕ್ಕಿಕಾಳು ಹಾಕುವ ಹೊತ್ತಿಗೆ ಸರಿಯಾಗಿ ಅಡ್ಡಮಳೆ ಸುರಿಯಿತು. ಮಾಳಿಗೆ ಸೋರಿ, ಕೆಸರು ನೀರು ಮದುಮಗನ ಬಾಸಿಂಗದ ಮೇಲೇ ಇಳಿಯತೊಡಗಿತು. ಗಂಡಸರು ಯಾರು ಮೇಲೆ ಹತ್ತಬೇಕೆಂದು ಚರ್ಚೆ ಮಾಡುತ್ತ ನಿಂತರು. ಹೊಸ ಸೊಸೆ ಮಾಯವ್ವ ಸೀರೆ ಎತ್ತಿ ಕಟ್ಟಿ, ಒಂದು ಬುಟ್ಟಿ ಹಾಳಮಣ್ಣು ತಲೆಯ ಮೇಲಿಟ್ಟುಕೊಂಡು, ಸುರಿಯುವ ಮಳೆಯಲ್ಲಿ ಏಣಿ ಹತ್ತಿದಳು. ತೂತು ಹುಡುಕಿ, ಮಣ್ಣು ಸುರಿದು, ಕಾಲಿನಿಂದ ತುಳಿದಳು. ಸೋರುವುದು ನಿಂತಿತು. ಹೆಣ್ಣುಮಗಳು ಚಾವಡಿಯ ನೆತ್ತಿ ಹತ್ತಿದಳಲ್ಲ ಎಂದು ಹಿರಿಯರು ಗೊಣಗಿದರು. ಗೊಣಗಿದ್ದು ಒಣಗಿದ ನೆಲದ ಮೇಲೆ ಕುಳಿತು ಎಂಬುದನ್ನು ಮಾತ್ರ ಮರೆತರು. ಅಂದಿನಿಂದ ಮಾಳಿಗೆಯ ಮಟ್ಟಿಗೆ ಮಾಯವ್ವನ ಮಾತೇ ನಡೆಯಿತು.

ಹಾಳಮಣ್ಣು ಎಂದರೆ ಹಾಳುಬಿದ್ದ ಹಳೆಯ ಊರಿನ ದಿಬ್ಬದ ಬಿಳಿ ಮಣ್ಣು. ಅದು ನೀರು ಹಿಡಿಯುವುದಿಲ್ಲ, ಜಾರಿಸಿ ಬಿಡುತ್ತದೆ. ಪ್ರತಿ ವರ್ಷ ರೋಹಿಣಿ ಮಳೆಗೆ ಮೊದಲು ನಮ್ಮ ಕಡೆ ಎಲ್ಲ ಮಾಳಿಗೆಗಳಿಗೂ ಅದನ್ನು ಹಾಕುತ್ತಾರೆ. ಚಾವಡಿಗೆ ಮನೆಗೊಂದು ಬುಟ್ಟಿ ಎಂದು ಮಾಯವ್ವ ಕಾಯಿದೆ ಮಾಡಿದಳು. ಚಾವಡಿಯಲ್ಲಿ ಮದುವೆ ಆದವರು ಬಾಡಿಗೆ ಕೊಡಬೇಕಿಲ್ಲ, ಒಂದು ಬುಟ್ಟಿ ಮಣ್ಣು ಹೊತ್ತು ಹಾಕಿದರೆ ಸಾಕು. ಮಗು ಹುಟ್ಟಿದರೆ ಒಂದು ಬುಟ್ಟಿ. ನೌಕರಿ ಸಿಕ್ಕರೆ ಒಂದು ಬುಟ್ಟಿ. ನನಗೆ ಸಿಕ್ಕಾಗ ಇಸ್ತ್ರಿ ಮಾಡಿದ ಅಂಗಿಯಲ್ಲೇ ಹೊರಿಸಿದಳು. ಅಯ್ಯಪ್ಪ ತೀರಿಕೊಂಡ ವರ್ಷ ಆಕೆ ಅವನ ಹೆಸರಿನಲ್ಲಿ ಒಂದು ಬುಟ್ಟಿ ಹಾಕಿದಳು. ಅದನ್ನು ನೋಡಿ ಎಲ್ಲರೂ ತಮ್ಮ ತಮ್ಮ ಮನೆಯಲ್ಲಿ ಸತ್ತವರ ಹೆಸರಿನಲ್ಲೂ ಹಾಕತೊಡಗಿದರು. ಹೀಗೆ ಬದುಕಿದವರು, ಸತ್ತವರು, ಹುಟ್ಟಿದವರು ಎಲ್ಲರೂ ಆ ಮಾಳಿಗೆಯ ಮೇಲೆ ಸೇರಿಕೊಂಡರು. ಚಾವಡಿ ಮಾತ್ರ ಒಂದು ಹನಿ ಸೋರಲಿಲ್ಲ. ಬೇರೆ ಊರಿನವರು ಬಂದು ನೋಡಿ ಹೊಗಳಿ ಹೋಗುತ್ತಿದ್ದರು.

ನಾನು ಚಿಕ್ಕವನಿದ್ದಾಗ ಮಾಳಿಗೆಯ ಸುತ್ತಲಿನ ಕುಂಬಿಗೋಡೆ ನನ್ನ ಎದೆಮಟ್ಟ ಇತ್ತು. ಮೇಲೆ ಹೋದಾಗಲೆಲ್ಲ ಅದು ಸೊಂಟಕ್ಕೆ ಬಂತು, ಮೊಣಕಾಲಿಗೆ ಬಂತು. ನಾನು ಬೆಳೆಯುತ್ತಿದ್ದೇನೆ ಎಂದುಕೊಂಡೆ. ಮದುವೆಯಾಗಿ, ತಲೆ ನೆರೆಯತೊಡಗಿದ ಮೇಲೂ ಕುಂಬಿ ಇಳಿಯುತ್ತಲೇ ಇದ್ದದ್ದು ಏಕೆ ಎಂದು ವಿಜ್ಞಾನ ಕಲಿಸುವ ನನ್ನ ತಲೆಗೆ ಹೊಳೆಯಲಿಲ್ಲ.

ಹೊಳೆದದ್ದು ಮಾಯವ್ವನ ಮಗಳು ನಾಗರತ್ನಾಳಿಗೆ. ಅಂಗನವಾಡಿಯ ಟೀಚರ್ ಅವಳೇ. ಮಕ್ಕಳ ಊಟದ ತಟ್ಟೆಯಲ್ಲಿ ಬಿಳಿ ಧೂಳು ಬೀಳತೊಡಗಿತು. ತಲೆ ಎತ್ತಿ ನೋಡಿದರೆ ಎರಡರಲ್ಲಿ ಒಂದು ತೊಲೆಯ ಹೊಟ್ಟೆ ಕೆಳಗಿಳಿದಿತ್ತು, ಅಡಿಯಲ್ಲಿ ಉದ್ದಕ್ಕೆ ಒಂದು ಸೀಳು. ಅವಳು ಅವ್ವನಿಗೆ ಹೇಳಿದಳು. "ಹಳೇ ಕಟಗಿ, ಸ್ವಲ್ಪ ಬಗ್ಗತದ. ಈ ಸಲ ಎರಡ ಬುಟ್ಟಿ ಹೆಚ್ಚಿಗಿ ಹಾಕಸ್ತೀನಿ" ಎಂದು ಮಾಯವ್ವ ಸಮಾಧಾನ ಹೇಳಿದಳು. ಹಾಕಿಸಿಯೂ ಹಾಕಿಸಿದಳು. ಮರುದಿನವೇ ನಾಗರತ್ನಾ ಮಕ್ಕಳನ್ನು ಶಾಲೆಯ ಪಡಸಾಲೆಗೆ ಸಾಗಿಸಿ, ಮೇಲಿನವರಿಗೆ ತಿಳಿಸಿದಳು. ಅವ್ವ ಮಗಳ ನಡುವೆ ಮಾತು ನಿಂತಿತು. ರೋಣದಿಂದ ಎಂಜಿನಿಯರ್ ಬಂದದ್ದು ಹಾಗೆ.

ಕೆಳಗಿಳಿದ ಮೇಲೆ ಉಮಾಶ್ರೀ ಚಾವಡಿಯೊಳಗೆ ಹೋಗಿ ತೊಲೆಯ ಈ ತುದಿಯಿಂದ ಆ ತುದಿಗೆ ದಾರ ಹಿಡಿಸಿದಳು. ದಾರಕ್ಕೆ ನಡುವೆ ತೊಲೆಯ ಹೊಟ್ಟೆಯೇ ಅಡ್ಡ ಬಂತು. ಸುತ್ತಿಗೆಯಿಂದ ಬಡಿದು ಕಿವಿಗೊಟ್ಟಳು. ಹೊರಗೆ ಬಂದು ನಮ್ಮೆಲ್ಲರನ್ನೂ ದೂರ ನಿಲ್ಲಿಸಿ ಹೇಳಿದಳು.

"ಗ್ವಾಡಿಗೆ ಏನೂ ಆಗಿಲ್ಲ. ಕಟಗಿನೂ ಹುಳಾ ತಿಂದಿಲ್ಲ. ಮ್ಯಾಲಿನ ಭಾರಕ್ಕ ತೊಲಿ ಸೀಳೇದ. ಒಣಾ ಮಣ್ಣಿಗೇ ಹಿಂಗ ಅಂದ್ರ, ತೋಯ್ದ ಮ್ಯಾಲೆ ತಡಿಯೂದಿಲ್ಲ. ಮಳಿ ಬರೂದರಾಗ ಅರ್ಧಕ್ಕಿಂತ ಹೆಚ್ಚಿಗಿ ಮಣ್ಣ ಇಳಿಸಬೇಕು. ಇಲ್ಲಾಂದ್ರ ಕೆಡವೂದು ಅಂತ ನಾ ಬರದು ಕೊಡಬೇಕಾಗ್ತದ."

ಯಾರೋ ಸೂಡಿ ಊರಿನ ಕಡೆಗೆ ಕೈ ತೋರಿಸಿದರು. ಅಲ್ಲಿ ಆಗಲೇ ಮೋಡ ಕಪ್ಪಾಗಿತ್ತು.

"ಕೆಡವ್ರಿ ಮತ್ತ" ಎಂದ ಕಳಕಪ್ಪ, ತಡವಿಲ್ಲದೆ. "ಆ ಜಾಗಾದಾಗ ಮಳಿಗಿ ಕಟ್ಟಿದ್ರ ಊರಿಗೂ ಚಲೋ." ಮೇಲೆ ಜಂಬದಿಂದ ನಗುತ್ತಿದ್ದವನು ಇವನೇ. ಅಂಗಡಿಯ ಸಾಲು ಅವನ ಕಣ್ಣ ಮುಂದೆ ಆಗಲೇ ಕಟ್ಟಿ ನಿಂತಿತ್ತು. ನನಗೆ ಅವನ ಬಾಯಿಗೆ ಒಂದು ಬುಟ್ಟಿ ಮಣ್ಣು ತುಂಬಬೇಕೆನಿಸಿತು.

ಉಮಾಶ್ರೀ ಮಾಯವ್ವನ ಕಡೆ ತಿರುಗಿದಳು. "ಯವ್ವಾ, ಹಳೇ ಮಣ್ಣ ಕೆರದು ಹೊಸಾದು ಹಾಕತಿದ್ರೋ, ಇಲ್ಲ ಅದರ ಮ್ಯಾಲೇ ಹಾಕತಿದ್ರೋ?"

ಪ್ರಶ್ನೆ ಮೆತ್ತಗೇ ಇತ್ತು. ಮಾಯವ್ವನ ಮುಖ ಮಾತ್ರ ಬೂದಿ ಬಡಿದಂತಾಯಿತು. ಆಕೆ ನೆಟ್ಟಗೆ ನಡೆದು ಚಾವಡಿಯ ಒಳಗೆ ಹೋಗಿ, ಆ ಸೀಳಿದ ತೊಲೆಯ ಕೆಳಗೇ ಕಾಲು ಚಾಚಿ ಕುಳಿತುಬಿಟ್ಟಳು.

"ಮ್ಯಾಲಿನ ಮಣ್ಣಿಗೆ ಯಾರ ಸಲಿಕಿ ಹಚ್ಚತೀರಿ ನಾನೂ ನೋಡ್ತೀನಿ" ಎಂದು ಅಲ್ಲಿಂದಲೇ ಕೂಗಿದಳು. "ಅದು ಮಣ್ಣಲ್ಲ. ಮಂದಿ ಅದು. ಬಿದ್ದರ ನನ್ನ ಮ್ಯಾಲೇ ಬೀಳಲಿ."

ಗಾಳಿ ನಿಂತಿತ್ತು. ಧಗೆ ಉಸಿರು ಕಟ್ಟಿಸುತ್ತಿತ್ತು. ಓಣಿಯ ಮಂದಿ ಬೇವಿನ ಮರದ ಕೆಳಗೆ ಸಲಿಕೆ ಬುಟ್ಟಿ ಹಿಡಿದು ನಿಂತಿದ್ದರು, ಆದರೆ ಮುದುಕಿ ಕೆಳಗೆ ಕುಳಿತಿರುವಾಗ ಮೇಲೆ ಕಾಲಿಡುವುದು ಹೇಗೆ? ನಾನು ಬಾಗಿಲಲ್ಲಿ ನಿಂತು ಬೇಡಿಕೊಂಡೆ, ಬೈದೆ. "ನೀ ಹುಡುಗೂರಿಗೆ ಪಾಠಾ ಹೇಳು ಹೋಗ" ಎಂದಳು. ಗೋಡೆ ಕಟ್ಟುವ ಗೌಂಡಿ ಮೆಹಬೂಬಸುಭಾನಿ ಮಾತ್ರ ಯಾರನ್ನೂ ಕೇಳಲಿಲ್ಲ. ಉಮಾಶ್ರೀ ಬೇಡವೆಂದರೂ, "ಮಾಯಕ್ಕ ಕುಂತಾಳ್ರಿ, ನಾ ಹೊರಗ ಹ್ಯಾಂಗ ನಿಲ್ಲಲಿ" ಎಂದು ಎರಡು ದಪ್ಪ ಗಳಗಳನ್ನು ಹೊತ್ತು ಒಳಗೆ ಹೋದ. ತೊಲೆಯ ಅಡಿಗೆ, ಆಕೆಯ ಎಡಕ್ಕೊಂದು ಬಲಕ್ಕೊಂದು, ನೆಟ್ಟಗೆ ಟೇಕಾ ಕೊಟ್ಟು ನಿಲ್ಲಿಸಿದ. ಬುಡಕ್ಕೆ ಬೆಣೆ ಬಡಿಯುವಾಗ ಪ್ರತಿ ಏಟಿಗೂ ಮೇಲಿನಿಂದ ಧೂಳು ಉದುರಿತು. ಮಾಯವ್ವ ಕಣ್ಣು ಮುಚ್ಚಿಕೊಂಡಳೇ ಹೊರತು ಕದಲಲಿಲ್ಲ.

"ಇದು ಬೀಳೂದನ್ನ ತಡಿಯೂದಿಲ್ಲ ಮಾಯಕ್ಕ. ತಡಾ ಮಾಡತದ, ಅಷ್ಟ" ಎಂದು ಹೇಳಿ ಅವನು ಬೆವರೊರೆಸುತ್ತ ಹೊರಗೆ ಬಂದ.

ದೂರದಲ್ಲಿ ಗುಡುಗಿತು. ಆಗ ನಾಗರತ್ನಾ ಗುಂಪಿನಿಂದ ಹೊರಬಂದು ಒಳಗೆ ನಡೆದಳು. ಉಮಾಶ್ರೀ ಕೈ ಹಿಡಿದು ಎಳೆದರೂ ಕೊಸರಿಕೊಂಡಳು. ಹೋಗಿ ಅವ್ವನ ಪಕ್ಕದಲ್ಲಿ, ಅದೇ ಸೀಳಿನ ಕೆಳಗೆ ಕುಳಿತಳು. ನಾನು ಬಾಗಿಲಲ್ಲೇ ಇದ್ದೆ, ಎಲ್ಲ ಕೇಳಿಸುತ್ತಿತ್ತು.

"ಎದ್ದ ಹೋಗ" ಎಂದಳು ಮಾಯವ್ವ. ಎಷ್ಟೋ ದಿನಗಳ ಮೇಲೆ ಮಗಳ ಜೊತೆ ಆಕೆ ಆಡಿದ ಮೊದಲ ಮಾತು ಅದು.

"ನೀ ಎದ್ರ ನಾನೂ ಏಳತೀನಿ."

"ನನ್ನ ಮ್ಯಾಲೆ ಫಿರ್ಯಾದಿ ಕೊಟ್ಟಾಕಿ ನೀ."

"ನಿನ್ನ ಮ್ಯಾಲೆ ಅಲ್ಲಬೇ. ಕೂಸುಗಳು ಉಣ್ಣೂ ತಾಟಿನಾಗ ಮಣ್ಣ ಬಿತ್ತು. ನಿನಗ ಹೇಳಿದೆ. ನೀ ಮತ್ತೆರಡ ಬುಟ್ಟಿ ಹಾಕಸ್ತೀನಿ ಅಂದಿ. ನಾ ಏನ ಮಾಡಬೇಕಿತ್ತು, ನೀ ಹೇಳ?"

ಅಷ್ಟರಲ್ಲಿ ತೊಲೆ ನರಳಿತು. ಅದನ್ನು ಬೇರೆ ಹೇಗೆ ಹೇಳಬೇಕೋ ನನಗೆ ತಿಳಿಯದು. ದನ ಈಯುವಾಗ ನರಳುತ್ತದಲ್ಲ, ಅಂಥ ಸದ್ದು. ಹೊರಗಿದ್ದವರೆಲ್ಲ ಹಿಂದೆ ಸರಿದರು. ಹಲಗೆಯ ಸಂದಿನಿಂದ ಒಂದು ಹಿಡಿ ಮಣ್ಣು ಜಾರಿ ನಾಗರತ್ನಾಳ ಬೈತಲೆಯ ಮೇಲೆ, ಮುಖದ ಮೇಲೆ ಬಿತ್ತು. ಅವಳು ಕೆಮ್ಮಿದಳು, ಆದರೆ ಏಳಲಿಲ್ಲ. ಮಾಯವ್ವ ಗಾಬರಿಯಿಂದ ಸೆರಗು ತೆಗೆದು ಮಗಳ ಕಣ್ಣು ಒರೆಸಿದಳು. ಒರೆಸುತ್ತ ಒರೆಸುತ್ತ ಕೈ ನಿಂತಿತು. ಸೆರಗಿಗೆ ಅಂಟಿದ್ದ ಬಿಳಿ ಮಣ್ಣನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದಳು. ತಾನೇ ಹೊತ್ತು, ಓಣಿಯಿಂದಲೂ ಹೊರಿಸಿ ಹಾಕಿಸಿದ ಮಣ್ಣು ಅದು.

"ನಮ್ಮ ಅತ್ತಿ ಮನಿ ಮಾಳಿಗಿ ಕೆರೀತಿದ್ಲು" ಎಂದಳು. ಧ್ವನಿ ಎಷ್ಟು ಸಣ್ಣಗಿತ್ತೆಂದರೆ ಮೊದಲು ನನಗೆ ಅರ್ಥವೇ ಆಗಲಿಲ್ಲ. "ಹಳೇದು ಕೆರದು ತಗದು, ಆಮ್ಯಾಲೆ ಹೊಸಾದು ಹಾಕಬೇಕು ಅಂತ ನನಗ ಕಲಿಸಿದಾಕಿ ಆಕಿನ. ನಾನೂ ಇಲ್ಲಿ ಹಂಗ ಮಾಡತಿದ್ದೆ. ನಿಮ್ಮಪ್ಪ ಹೋದ ಮರು ವರ್ಷ ಸಲಿಕಿ ಹಿಡಕೊಂಡು ಮ್ಯಾಲೆ ಹೋದೆ, ನಾಗವ್ವ. ಅವರ ಬುಟ್ಟಿ ಕೆರಿಯಾಕ ನನಗ ಕೈ ಬರಲಿಲ್ಲ. ಅದರ ಮ್ಯಾಲೇ ಹಾಕಿ ಬಂದೆ. ಮರು ವರ್ಷ ಮತ್ತೊಬ್ಬರ ಬುಟ್ಟಿ ಇತ್ತು, ಅದನ್ನ ಹ್ಯಾಂಗ ಕೆರೀಲಿ? ಹಂಗ ಆತು."

ನಾಗರತ್ನಾ ಅವ್ವನ ಕೈ ಹಿಡಿದುಕೊಂಡಳು. "ಏಳ ಯವ್ವಾ" ಎಂದಳು.

ಮಾಯವ್ವ ಎದ್ದಳು. ಹೊರಗೆ ಬಂದು ಯಾರ ಮುಖವನ್ನೂ ನೋಡದೆ, ಒಬ್ಬನ ಕೈಯಿಂದ ಸಲಿಕೆ ಕಸಿದುಕೊಂಡು ಏಣಿಯತ್ತ ನಡೆದಳು. ಉಮಾಶ್ರೀ ಅಡ್ಡ ಬಂದಳು. ಗೋಡೆಯ ಮೇಲಷ್ಟೇ ನಿಲ್ಲಬೇಕು, ಮಣ್ಣನ್ನು ಎರಡೂ ಬದಿಯಿಂದ ಸಮನಾಗಿ ತೆಗೆಯಬೇಕು, ನಡುವೆ ಗುಡ್ಡೆ ಹಾಕಬಾರದು, ಅಡಿಯ ಒಂದು ಗೇಣನ್ನು ಮುಟ್ಟಬಾರದು ಎಂದು ಒಂದೊಂದಾಗಿ ಹೇಳಿದಳು. ಮಾಯವ್ವ ಶಾಲೆಯ ಹುಡುಗಿಯಂತೆ ತಲೆಯಾಡಿಸುತ್ತ ಕೇಳಿದಳು. ಆಕೆ ಬೇರೊಬ್ಬರ ಮಾತನ್ನು ಅಷ್ಟು ಹೊತ್ತು ಕೇಳಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮೇಲೆ ಹತ್ತಿ ಸಲಿಕೆ ಎತ್ತುವಾಗ ಕೆಳಗಿನಿಂದ ಕಳಕಪ್ಪ ಕೂಗಿದ. ಕೆಡವಿರಿ ಎಂದವನಿಗೆ ಈಗ ಬೇರೆಯೇ ನೋವು. "ಮಾಯಕ್ಕ, ಆ ಮೂಲ್ಯಾಗ ನಮ್ಮಪ್ಪನ ಬುಟ್ಟಿ ಅದವಾ! ನೋಡಿ ತಗಿ!"

"ನಿಮ್ಮಪ್ಪ ಶಾಣ್ಯಾ ಮನಿಷ್ಯಾ ಇದ್ದ. ಇಷ್ಟ ಹೊತ್ತಿಗೆ ತಾನ ಇಳಿದು ಬರತಿದ್ದ" ಎಂದಳು ಮಾಯವ್ವ. "ನೀ ಬುಟ್ಟಿ ತಗೊಂಡ ಬಾ ಲಗೂ. ಅಲ್ಲಿ ನಿಂತು ಬಾಯಿ ಮಾಡಬ್ಯಾಡ."

ಮೊದಲ ಸಲಿಕೆಯನ್ನು ಆಕೆ ಗೋಡೆಯ ಹತ್ತಿರದ ಬೆಳಕಿಂಡಿಯ ಪಕ್ಕದ ಮಣ್ಣಿಗೆ ಹಚ್ಚಿದಳು. ಅಯ್ಯಪ್ಪನ ಬುಟ್ಟಿ ಸುರಿದ ಜಾಗ ಅದು ಎಂಬುದು ಓಣಿಗೆಲ್ಲ ಗೊತ್ತಿತ್ತು. ಬುಟ್ಟಿಗೆ ತುಂಬಿ, ಹಿಂದೆಯೇ ಹತ್ತಿ ಬಂದಿದ್ದ ನನ್ನ ಕೈಗೆ ಕೊಟ್ಟಳು. ಆ ಬುಟ್ಟಿಯನ್ನು ಕೆಳಗೆ ಚೆಲ್ಲುವಾಗ ನನ್ನ ಕಣ್ಣು ತುಂಬಿದ್ದು ಧೂಳಿಗೆ ಎಂದು ಸುಳ್ಳು ಹೇಳಲಾರೆ.

ಆಮೇಲೆ ಇಡೀ ಓಣಿ ಕೆಲಸಕ್ಕೆ ಮುರಿದುಕೊಂಡು ಬಿತ್ತು. ಗೋಡೆಯುದ್ದಕ್ಕೂ ಸಾಲು ನಿಂತು, ಕೈಯಿಂದ ಕೈಗೆ ಬುಟ್ಟಿ ಸಾಗಿಸಿ ಆಚೆ ಚೆಲ್ಲಿದೆವು. ಒಂದೊಂದು ಪದರಕ್ಕೂ ಒಂದೊಂದು ಬಣ್ಣ: ಒಂದು ಹಾಲು ಬಿಳಿ, ಒಂದು ಬೂದಿ, ಒಂದರಲ್ಲಿ ಹಳೆಯ ಮಡಕೆಯ ಚೂರು. ಕೆಳಗಿನಿಂದ ಉಮಾಶ್ರೀಯ ಧ್ವನಿ ಮಾತ್ರ: "ಬಲಕ್ಕ ಹೆಚ್ಚಾತು, ಎಡಕ್ಕ ತಗೀರಿ." ಮೋಡ ಸೂಡಿ ದಾಟಿ ನಮ್ಮ ಹೊಲಗಳ ಮೇಲೆ ಬಂದಿತ್ತು. ತಣ್ಣನೆಯ ಗಾಳಿ ಬೀಸಿತು. ಮಳೆ ಬಿದ್ದ ಮಣ್ಣಿನ ವಾಸನೆ ಬಂದಾಗ ನನಗೆ ಹುಟ್ಟಿದಂದಿನಿಂದ ಮೊದಲ ಸಲ ಅದು ಹಿತವೆನಿಸಲಿಲ್ಲ. ಕೈಗಳು ಬೊಬ್ಬೆ ಎದ್ದಿದ್ದವು. ಇನ್ನೂ ಅರ್ಧಕ್ಕೆ ಬಂದಿರಲಿಲ್ಲವೋ, ಬಂದಿತ್ತೋ, ಯಾರಿಗೂ ತಿಳಿಯುತ್ತಿರಲಿಲ್ಲ.

ಮೊದಲ ಹನಿ ನನ್ನ ಕುತ್ತಿಗೆಗೆ ಬಿತ್ತು. "ತಾಡಪತ್ರಿ ತರ್ರಿ!" ಎಂದು ಯಾರೋ ಕಿರುಚಿದರು. ಅದೇ ಹೊತ್ತಿಗೆ ನಮ್ಮ ಕಾಲ ಕೆಳಗೆ, ಚಾವಡಿಯ ಒಳಗೆ, ಧಡ್ ಎಂದು ಏನೋ ಬಿತ್ತು.

ಎಲ್ಲರೂ ಇದ್ದಲ್ಲೇ ಕಲ್ಲಾದೆವು. ಕೈಯಲ್ಲಿ ಎತ್ತಿದ ಬುಟ್ಟಿ ಎತ್ತಿದಂತೆಯೇ ಇತ್ತು. ಕೆಳಗೆ ಹೆಂಗಸರು ಬಾಯಿ ಬಡಿದುಕೊಂಡರು. ನಾನು ಮುಗಿಯಿತು ಎಂದುಕೊಂಡೆ. ಮನೆಯವಳ ಮುಖ ಕಣ್ಣ ಮುಂದೆ ಬಂತು. ಮತ್ತೆ ಧಡ್ ಎಂದಿತು. ಮಾಯವ್ವ ನನ್ನ ಎದುರಿನ ಗೋಡೆಯ ಮೇಲಿದ್ದಳು. ಆಕೆ ಸಲಿಕೆ ಕೆಳಗಿಟ್ಟು, ಮಾಳಿಗೆಯ ಮಣ್ಣಿನ ಮೇಲೆ ಅಂಗೈ ಊರಿ, ಜ್ವರ ಬಂದ ಕೂಸಿನ ಹಣೆ ಮುಟ್ಟುವ ಹಾಗೆ ಹಿಡಿದಳು. "ತಡೀಪಾ, ಇನ್ನ ಸ್ವಲ್ಪ ತಡಿ, ತಗೀತೀವಿ" ಎಂದು ಅದಕ್ಕೇ ಹೇಳುತ್ತಿದ್ದಳು.

ಯಾರೂ ಒಳಗೆ ಹೋಗಕೂಡದು ಎಂದು ಬೆಳಗಿನಿಂದ ಗದರುತ್ತಿದ್ದ ಉಮಾಶ್ರೀ ತಾನೇ ಒಳಗೆ ಓಡಿದಳು. ಹೊರಗೆ ಬಂದಾಗ ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ಮೇಲಿನಿಂದ ಗೊತ್ತಾಗಲಿಲ್ಲ.

"ಟೇಕಾ ಬಿದ್ದಾವ್ರಿ!" ಎಂದು ಕೂಗಿದಳು. "ತೊಲಿ ಮ್ಯಾಲೆ ಎದ್ದದ! ಭಾರ ಇಳೀತು, ತೊಲಿ ಎದ್ದದ. ಬೆಣಿ ಸಡ್ಲಾಗಿ ಟೇಕಾ ತಾನ ಬಿದ್ದಾವು!"

ನಮಗೆ ತಲೆಬುಡ ತಿಳಿಯಲಿಲ್ಲ. ಮೊದಲು ತಿಳಿದದ್ದು ಮೆಹಬೂಬಸುಭಾನಿಗೆ. ಅವನು ಗೋಡೆಯ ಮೇಲೆ ಕುಕ್ಕರುಗಾಲಲ್ಲಿ ಕುಳಿತು, ತಲೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಚಿಕ್ಕ ಹುಡುಗನಂತೆ ನಗತೊಡಗಿದ. ಬೆಳಿಗ್ಗೆ ಅವನೇ ಬಿಗಿಯಾಗಿ ಬಡಿದಿದ್ದ ಬೆಣೆ. ಅದು ಸಡಿಲಾಗಬೇಕಾದರೆ ತೊಲೆ ಮೇಲೇಳದೆ ಬೇರೆ ದಾರಿಯಿರಲಿಲ್ಲ.

ಉಳಿದ ಮಣ್ಣನ್ನು ನಾವು ಬೈದಾಡುತ್ತ, ನಗುತ್ತ, ಸುರಿಯುವ ಮಳೆಯಲ್ಲೇ ತೆಗೆದೆವು. ಕಳಕಪ್ಪ ತನ್ನ ಅಂಗಡಿಗೆ ಹೊದಿಸಿದ್ದ ತಾಡಪತ್ರಿ ಬಿಚ್ಚಿ ತಂದ. ಅವನ ಬೆಲ್ಲದ ಮೂಟೆಗಳು ತೋಯ್ದವು, ಅದಕ್ಕೆ ಅವನು ಈಗಲೂ ನಮ್ಮನ್ನು ಬೈಯುತ್ತಾನೆ. ತಾಡಪತ್ರಿ ಮಾಳಿಗೆಯ ಒಂದು ಬದಿಗೆ ಸಾಲಲಿಲ್ಲ. ಕೆದರಿದ ಮಣ್ಣನ್ನು ತುಳಿದು ಗಟ್ಟಿ ಮಾಡಲು ಮಳೆ ಬಿಡಲೂ ಇಲ್ಲ.

ಉಮಾಶ್ರೀ ಮತ್ತೆ ದಾರ ಹಿಡಿದು, ಸುತ್ತಿಗೆ ಬಡಿದು, ಸೀಳಿಗೆ ಕಬ್ಬಿಣದ ಪಟ್ಟಿ ಹಾಕಿಸಬೇಕು, ಅಲ್ಲಿಯ ತನಕ ಮಕ್ಕಳು ಬೇಡ, ಆದರೆ ಚಾವಡಿ ನಿಲ್ಲುತ್ತದೆ ಎಂದು ಹೇಳಿದ ಮೇಲೆ ನಾವು ಒಳಗೆ ಹೋದೆವು. ಮಾಯವ್ವ ಮೊದಲೇ ಹೋಗಿದ್ದಳು. ಬಿದ್ದ ಗಳಗಳ ನಡುವೆ ನಿಂತು, ಕತ್ತು ಎತ್ತಿ ತೊಲೆ ನೋಡುತ್ತಿದ್ದಳು. ಮೈಯೆಲ್ಲ ಕೆಸರು, ಬಿಳಿ ಕೂದಲು ಹಣೆಗೆ ಅಂಟಿತ್ತು.

"ನೀ ಎಷ್ಟ ಹೊತ್ತಿದ್ದೀಪಾ" ಎಂದಳು ತೊಲೆಗೆ. "ಒಂದ ಮಾತ ಅಂದಿದ್ರ ಆಗಿತ್ತಿಲ್ಲೋ." ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ದನಿ ತೆಗೆದು ಅತ್ತಳು. ಅಯ್ಯಪ್ಪ ಸತ್ತಾಗಲೂ ಆಕೆ ಹಾಗೆ ಅತ್ತದ್ದನ್ನು ಓಣಿ ನೋಡಿರಲಿಲ್ಲ. ನಾಗರತ್ನಾ ಅವ್ವನನ್ನು ತಬ್ಬಿಕೊಂಡು ನಿಂತಳು, ಯಾರೂ ಸಮಾಧಾನ ಹೇಳಲು ಹೋಗಲಿಲ್ಲ.

ಅಷ್ಟರಲ್ಲಿ ತಾಡಪತ್ರಿ ಮುಟ್ಟದ ಬದಿಯಲ್ಲಿ ಹಲಗೆಯ ಸಂದಿನಿಂದ ನೀರು ತೊಟ್ಟಿಕ್ಕತೊಡಗಿತು. ಮೊದಲು ಒಂದು ಕಡೆ, ಆಮೇಲೆ ಇನ್ನೊಂದು ಕಡೆ. ಮಾಯವ್ವ ಅಳು ನಿಲ್ಲಿಸಿ ಆ ಕಡೆ ನೋಡಿದಳು. ನಾವೆಲ್ಲ ಆಕೆಯನ್ನು ನೋಡಿದೆವು. ಕಳಕಪ್ಪನನ್ನು ರೂಢಿ ಬಿಡಲಿಲ್ಲ. ಅವನು ತಟ್ಟನೆ ಬಾಗಿಲಾಚೆ ಕೆಡವಿದ ಮಣ್ಣಿನ ಗುಡ್ಡೆಗೆ ಓಡಿ, ಒಂದು ಬುಟ್ಟಿ ತುಂಬಿಕೊಂಡು ಏಣಿಗೆ ಕಾಲಿಟ್ಟ.

"ಕಳಕಪ್ಪಾ" ಎಂದು ಮಾಯವ್ವ ಕೂಗಿದಳು. "ಬುಟ್ಟಿ ಇಳಿಸು."

"ಸೋರಾಕ ಹತ್ತೇತಲ್ಲವಾ!"

"ಸೋರಲಿ ಬಿಡು" ಎಂದಳು.